ಜೆಗಿಲಿಯ ಮಗ್ಗಿ, ಅಟ್ಟುಂಬೊಳದ ಲೆಕ್ಕ

ನಮ್ಮ ನೆಂಟರ ಪೈಕಿ ಒಂದು ಕೂಸು, ಈಗ ಬೆಂಗಳೂರಿಲಿ ಇಪ್ಪದು, ಅದರ ಎರಡು ಮಕ್ಕಳ ಶಾಲಗೆ ಕಳ್ಸದ್ದೆ ಮನೆಲಿಯೇ ಪಾಠ ಹೇಳಿಕೊಡ್ತು. ಕನ್ನಡ, ಇಂಗ್ಲಿಷು, ವಿಜ್ಞಾನ ಎಲ್ಲ ಅಕ್ಕು ಹೇಳಿ ಒಪ್ಪುತ್ತವು ನೆಂಟ್ರು. ಲೆಕ್ಕದ ಮಾತು ಬಂದಪ್ಪಗ ಮಾತ್ರ ಎಲ್ಲೋರಿಂಗೂ ಸಂಶಯ. "ಲೆಕ್ಕ ಮನೆಲಿ ಕೂದೊಂಡು ಬಪ್ಪದಾ? ಅದಕ್ಕೆ ಮಾಷ್ಟ್ರು ಬೇಡದಾ?" ಹೇಳಿ ಜೆಂಬ್ರದ ಮನೆಗಳಲ್ಲಿ ಆ ಕೂಸಿನ ಎದುರೇ ಕೇಳ್ತವು. ಮನೆಶಾಲೆ ಹೇಳುದು ಹೆರದೇಶಂದ ಬಂದ ಹೊಸ ಮರುಳು ಹೇಳಿಯೇ ತುಂಬ ಜೆನರ ಅಭಿಪ್ರಾಯ.

ಹಾಂಗಾಗಿ ಅಕ್ಕಂದ್ರೇ, ಚಿಕ್ಕಮ್ಮಂದ್ರೇ, ಈ ಸರ್ತಿ ಸಾರು ತಾಳಿನ ವಿಷಯ ಕರೇಲಿ ಮಡಗಿ ಲೆಕ್ಕದ ಚರಿತ್ರೆ ಬರೆತ್ತೆ. ನಮ್ಮ ಊರಿಲಿ ಮಕ್ಕೊ ಲೆಕ್ಕ ಕಲ್ತದು ಎಲ್ಲಿ, ಆರ ಕೈಂದ, ಆರಿಂಗೆ ಸಿಕ್ಕಿತ್ತು, ಆರಿಂಗೆ ಸಿಕ್ಕಿತ್ತಿಲ್ಲೆ ಹೇಳಿ ರಜ ನೋಡುವೊ.

ಸುರುವಿಂಗೆ ಇನ್ನೂರು ವರ್ಷ ಹಿಂದೆ ಹೋಪೊ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಒಂದು ಆಜ್ಞೆ ಮಾಡಿದವು. ತನ್ನ ಪ್ರಾಂತ್ಯಲ್ಲಿ ಎಷ್ಟು ಶಾಲೆ ಇದ್ದು, ಎಷ್ಟು ಮಕ್ಕೊ ಕಲಿತ್ತವು, ಎಂತ ಕಲಿತ್ತವು ಹೇಳಿ ಎಲ್ಲ ಜಿಲ್ಲೆಯ ಕಲೆಕ್ಟರಂಗಳೂ ಬರದು ಕಳ್ಸೆಕ್ಕು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳ್ಸಿದ ಉತ್ತರ ಇವೆಲ್ಲದರಲ್ಲಿ ಹೆಸರು ಹೋದ್ದು. ಆ ಜಿಲ್ಲೆಲಿ 9,27,857 ಜೆನ, 533 ಶಾಲೆ, 6,641 ಮಕ್ಕೊ. 235 ಶಾಲೆ ಕನ್ನಡದ್ದು, 226 ತೆಲುಗಿನದ್ದು. ಒಂದೊಂದು ಶಾಲೆಲಿ ಹನ್ನೆರಡು ಮಕ್ಕಳ ಲೆಕ್ಕ. ಈಗ ನಾವು ಶಾಲೆ ಹೇಳಿರೆ ಮನಸ್ಸಿಂಗೆ ಬಪ್ಪ ಕಟ್ಟೋಣ, ಬೆಂಚು, ಗಂಟೆ ಎಂತದೂ ಅಲ್ಲಿ ಇತ್ತಿಲ್ಲೆ. ಐಗಳು ಒಬ್ಬರು, ಆರದ್ದೋ ಮನೆಯ ಜೆಗಿಲಿ, ಸುತ್ತುಮುತ್ತಲಾಣ ಹತ್ತು ಹನ್ನೆರಡು ಮಕ್ಕೊ. ಕೂಲಿಮಠ ಹೇಳಿಯೂ ಐಗಳ ಮಠ ಹೇಳಿಯೂ ಹೇಳುದು ಇದರನ್ನೇ.

ಆ ಮಠಲ್ಲಿ ಲೆಕ್ಕ ಹೇಂಗೆ ಕಲಿಶಿಯೊಂಡಿತ್ತವು ಹೇಳಿ ಕ್ಯಾಂಪ್‌ಬೆಲ್ ವಿವರವಾಗಿ ಬರದ್ದವು. ಐದು ವರ್ಷ ಅಪ್ಪಗ ಮಗುವಿನ ಕೂರುಸುದು. ಮದಾಲು ಹೊಯಿಗೆಲಿ ಬೆರಳಿಲಿ ಬರವದು. ಕೈ ತಿದ್ದಿದ ಮೇಗೆ ಮಸಿ ಬಳುದ ಹಲಗೆಲಿಯೋ ಕಡತಲ್ಲಿಯೋ ಬಳಪಲ್ಲಿ ಬರವದು. ಕಡತ ಹೇಳಿರೆ ಈಗ ನವಗೆ ಸರಕಾರಿ ಆಫೀಸಿನ ಫೈಲು. ಅಂಬಗ ಅದು ಹುಣಸೆಬಿತ್ತಿನ ಅಂಟು, ಮಸಿ ಎರಡನ್ನೂ ಬಳುದು ಗಟ್ಟಿ ಮಾಡಿದ ವಸ್ತ್ರದ ಪುಸ್ತಕ. ಬರದು, ಉದ್ದಿ, ಪುನಾ ಬರವಲಕ್ಕು. ಮತ್ತೆ ಕೂಡುವ, ಕಳವ, ಗುಣುಸುವ ಮಗ್ಗಿ. ಅದರ ಮೇಗೆ ಪೈಸೆಯ, ತೂಕದ, ಅಳತೆಯ ಭಿನ್ನಂಗೊ. ಎಲ್ಲ ಮಕ್ಕಳೂ ಸಾಲಾಗಿ ನಿಂದು, ಒಬ್ಬ ದೊಡ್ಡ ಮಾಣಿ ಹೇಳಿದ್ದರ ಒಟ್ಟಿಂಗೇ ಹೇಳುದು.

ಅಲ್ಯಾಣ ಒಂದು ಕ್ರಮ ಓದಿ ಎನಗೆ ನೆಗೆಯೂ ಬಂತು, ಬೇಜಾರೂ ಆತು. ಉದಿಯಪ್ಪಗ ಆರು ಗಂಟೆಗೆ ಮಠ ಸುರು. ಎಲ್ಲೋರಿಂದ ಮದಾಲು ಬಂದ ಮಗುವಿನ ಅಂಗೈಲಿ ಸರಸ್ವತಿಯ ಹೆಸರು ಬರವದು, ಅದು ಮರ್ಯಾದೆ. ಎರಡ್ನೇದಾಗಿ ಬಂದೋರ ಕೈಲಿ ಒಂದು ಸೊನ್ನೆ; ಹೊಗಳಿಕೆಯೂ ಇಲ್ಲೆ, ಬೈಗಳೂ ಇಲ್ಲೆ ಹೇಳಿ ಅರ್ಥ. ಮೂರ್ನೇದಕ್ಕೆ ಬೆತ್ತದ ಒಂದು ಸಣ್ಣ ಪೆಟ್ಟು, ನಾಲ್ಕನೇದಕ್ಕೆ ಎರಡು, ಹಾಂಗೇ ಒಬ್ಬೊಬ್ಬಂಗೆ ಒಂದೊಂದು ಹೆಚ್ಚು. ಹನ್ನೆರಡನೇ ಮಾಣಿ ಬಪ್ಪಗ ಎಷ್ಟು ಪೆಟ್ಟು ಹೇಳಿ ನಿಂಗಳೇ ಲೆಕ್ಕ ಹಾಕಿ. ಸೊನ್ನೆ ಹೇಳಿರೆ ಎಂತ ಹೇಳುದು ಮಾತ್ರ ಆ ಮಕ್ಕೊಗೆ ಪುಸ್ತಕ ಇಲ್ಲದ್ದೆ ಗೊಂತಾಗಿಕ್ಕು.

ದೊಡ್ಡ ಮಕ್ಕೊ ಸಣ್ಣವಕ್ಕೆ ಹೇಳಿಕೊಡ್ತ ಕ್ರಮವ ಕ್ಯಾಂಪ್‌ಬೆಲ್ ತುಂಬ ಮೆಚ್ಚಿದ್ದವು. ಇಂಗ್ಲೆಂಡಿಲಿ ಇದರ ಅನುಸರುಸಿದ್ದು ಸರಿಯೇ ಹೇಳಿಯೂ ಬರದ್ದವು. ಅದು ಹೇಂಗೆ ಇಂಗ್ಲೆಂಡಿಂಗೆ ಹೋತು ಹೇಳಿರೆ, ಮದ್ರಾಸಿನ ಎಗ್ಮೋರಿಲಿ ಅನಾಥ ಮಾಣಿಯಂಗಳ ಶಾಲೆ ನೋಡಿಗೊಂಡಿದ್ದ ಆಂಡ್ರ್ಯೂ ಬೆಲ್ ಹೇಳ್ತ ಪಾದ್ರಿ, ಊರ ಮಕ್ಕೊ ಹೊಯಿಗೆಲಿ ಬರವದರ ಕಂಡು ತನ್ನ ಶಾಲೆಲಿ ಮಾಡಿ ನೋಡಿದವು. 1797ರಲ್ಲಿ ಅದರ ಬಗ್ಗೆ ಲಂಡನ್ನಿಲಿ ಪುಸ್ತಕ ಮಾಡಿದವು. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಹೇಳಿಯೇ ಹೆಸರಾತು. ಜೆಗಿಲಿಯ ಹೊಯಿಗೆ ಸಮುದ್ರ ದಾಂಟಿತ್ತು.

ಕ್ಯಾಂಪ್‌ಬೆಲ್ ಬರೇ ಹೊಗಳಿದ್ದಲ್ಲ. ಮಕ್ಕೊ ಬಾಯಿಪಾಠ ಮಾಡ್ತವು, ಅರ್ಥ ಗೊಂತಾವ್ತಿಲ್ಲೆ ಹೇಳಿ ಬರದ್ದವು. ಓದುವ ಪದ್ಯದ ಭಾಷೆಗೂ ಮಾತಾಡ್ತ ಭಾಷೆಗೂ ಸಂಬಂಧ ಇಲ್ಲೆ ಹೇಳಿದ್ದವು. ಪೈಸೆ ಇಲ್ಲದ್ದ ಮನೆಯೋರು ಮಕ್ಕಳ ಕಳ್ಸುತ್ತವಿಲ್ಲೆ ಹೇಳಿಯೂ ಇದ್ದು. ಆ 6,641 ಮಕ್ಕಳಲ್ಲಿ ಕೂಸುಗೊ ಎಷ್ಟು ಗೊಂತಿದ್ದಾ? ಅರುವತ್ತು. ನೂರಹತ್ತು ಮಕ್ಕಳಲ್ಲಿ ಒಂದು ಕೂಸು ಹೇಳಿ ಲೆಕ್ಕ. ಐಗಳ ಮಠದ ಚೆಂದದ ಕತೆ ಹೇಳುವಗ ಈ ಅರುವತ್ತರ ಮರವಲಾಗ.

ಇನ್ನು ನಮ್ಮ ಊರಿನ ಸಂಗತಿ. ಅಂಬಗ ಕೆನರಾ ಜಿಲ್ಲೆ ಹೇಳಿರೆ ಈಗಾಣ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮತ್ತೆ ಕಾಸರಗೋಡಿನ ಕಡೆಯೂ ಸೇರಿದ್ದು. ಈ ಜಿಲ್ಲೆಯ ಕಲೆಕ್ಟರ್ ಮನ್ರೋಗೆ ಅಂಕೆಸಂಖ್ಯೆ ಕಳ್ಸಿದ್ದೇ ಇಲ್ಲೆ! ಎಂತಕೆ ಹೇಳಿರೆ, ಇಲ್ಲಿ ಮಕ್ಕೊ ಕಲಿವದು ತುಂಬಾ ಖಾಸಗಿಯಾಗಿ ನಡೆತ್ತು, ಖಾಯಂ ಶಾಲೆಗೊ ಇಲ್ಲೆ, ಹಾಂಗಾಗಿ ಶಾಲೆಗಳ ಎಣಿಸಿ ಕೊಟ್ರೆ ತಪ್ಪು ಅಂದಾಜೇ ಅಕ್ಕು ಹೇಳಿ ಉತ್ತರ ಬರದವು. ಮನ್ರೋ ಕೂಡ 1826ರಲ್ಲಿ ಎಲ್ಲ ಒಟ್ಟು ಮಾಡಿ ಬರವಗ, ಸುಮಾರು ಮಕ್ಕೊ ಮನೆಲಿ ಕಲಿತ್ತವು ಹೇಳಿ ಒಪ್ಪಿದವು. ಮದ್ರಾಸು ಪೇಟೆ ಒಂದರಲ್ಲೇ 26 ಸಾವಿರಂದ ಮೇಗೆ ಮಕ್ಕೊ ಮನೆಲಿ ಕಲಿತ್ತವು, ಶಾಲೆಯೋರ ಐದು ಪಾಲು, ಹೇಳಿ ಲೆಕ್ಕ ಬಂದಿತ್ತು. ಆ ಸಂಖ್ಯೆಲಿ ತಪ್ಪಿಕ್ಕು ಹೇಳಿ ಮನ್ರೋಗೇ ಸಂಶಯ ಬಂದಿತ್ತು.

ಇದರ ಓದಿಕ್ಕಿ ಆನು ಸುಮಾರು ಹೊತ್ತು ಆಲೋಚನೆ ಮಾಡಿದೆ. ನಮ್ಮ ಘಟ್ಟದ ಕೆಳಾಣ ಮನೆಗೊ ದೂರ ದೂರ. ಒಂದು ಗುಡ್ಡೆಗೆ ಒಂದು ಮನೆ. ಮಳೆಗಾಲಲ್ಲಿ ಸಂಕ ದಾಂಟುಲೆಡಿಯ. ಅಂಥಾ ಜಾಗೆಲಿ ಹನ್ನೆರಡು ಮಕ್ಕಳ ಒಟ್ಟು ಸೇರುಸುದು ಎಲ್ಲಿಂದ? ಹಾಂಗಾಗಿ ಅಪ್ಪನೋ, ಅಜ್ಜನೋ, ಸೋದರಮಾವನೋ ಕಸ್ತಲಪ್ಪಗ ದೀಪದ ಎದುರು ಕೂರುಸಿ ಬಾಯಿಲೆಕ್ಕ ಹೇಳಿಕೊಟ್ಟವು. ಹೇಳಿಕೊಡ್ಲೆ ಜೆನ ಇಲ್ಲದ್ದ ಮನೆಯೋವಕ್ಕೆ, ಆರದ್ದೋ ಗೆದ್ದೆಲಿ ದುಡಿವೋರ ಮಕ್ಕೊಗೆ ಅಕ್ಷರವೂ ಅಂಕೆಯೂ ಬಂತೇ ಇಲ್ಲೆ. ಮನೆಪಾಠ ಹೇಳುದು ಇದ್ದೋರಿಂಗೆ ಇದ್ದು, ಇಲ್ಲದ್ದೋರಿಂಗೆ ಇಲ್ಲೆ. ಇದು ಇಂದಿಂಗೂ ಸತ್ಯವೇ.

ಲೆಕ್ಕದ ವಿದ್ಯೆ ನಮ್ಮಲ್ಲಿ ಐಗಳ ಕಾಲಂದ ತುಂಬ ಹಳತ್ತು. 9ನೇ ಶತಮಾನಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲಲ್ಲಿ ಮಹಾವೀರಾಚಾರ್ಯರು ಸಂಸ್ಕೃತಲ್ಲಿ 'ಗಣಿತಸಾರಸಂಗ್ರಹ' ಬರದವು. 1912ರಲ್ಲಿ ಎಂ. ರಂಗಾಚಾರ್ಯರು ಇದರ ಇಂಗ್ಲಿಷಿನ ಅನುವಾದದ ಒಟ್ಟಿಂಗೆ ಮದ್ರಾಸಿಲಿ ಪ್ರಕಟ ಮಾಡಿದವು. ಪುಸ್ತಕದ ಸುರುವಿಲಿ ಗಣಿತ ಎಲ್ಲೆಲ್ಲಿ ಬೇಕು ಹೇಳಿ ಒಂದು ಪಟ್ಟಿ ಇದ್ದು. ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುದು, ಛಂದಸ್ಸು, ವ್ಯಾಕರಣ ಎಲ್ಲ ಹೇಳಿಕ್ಕಿ, ಆ ಸಾಲಿಲಿ ಅಡಿಗೆಯ ಶಾಸ್ತ್ರವನ್ನೂ ಸೇರುಸಿದ್ದವು. ಸಾವಿರದ ನೂರು ವರ್ಷ ಹಿಂದಾಣ ಗಣಿತದ ಪಂಡಿತರಿಂಗೆ ಅಟ್ಟುಂಬೊಳದ ನೆಂಪಿತ್ತು. ಈಗಾಣ ಮಾಷ್ಟ್ರಕ್ಕೊಗೆ ಎಷ್ಟು ಜೆನಕ್ಕಿದ್ದೋ!

ಅದೇ ಪುಸ್ತಕಲ್ಲಿ ಕೊರಳ ಹಾರದ ಹಾಂಗಿಪ್ಪ ಗುಣಾಕಾರಂಗೊ ಇದ್ದು. 152207ರ 73ರಿಂದ ಗುಣುಸಿರೆ 11111111. ಎಂಟು ಮಣಿಯ ಒಂದೇ ಹಾಂಗೆ ಪೋಣುಸಿದ ಮಾಲೆ. 142857143ರ 7ರಿಂದ ಗುಣುಸಿರೆ 1000000001. ಎರಡೂ ಕೊಡಿಲಿ ಒಂದೊಂದು ಮಣಿ, ನೆಡುಕೆ ಬರೇ ಸೊನ್ನೆ. ಮಕ್ಕೊಗೆ ಒಂದರಿ ಮಾಡಿ ತೋರುಸಿ. ಗುಣಾಕಾರ ಮಾಡೆಕ್ಕು ಹೇಳಿರೆ ಓಡುವ ಮಾಣಿಯೂ ಉತ್ತರ ಸರಿ ಬತ್ತೋ ನೋಡ್ಲೆ ಕೂರುಗು.

12ನೇ ಶತಮಾನಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಚಿತ್ರಹಸುಗೆ' ಹೇಳಿ ಕನ್ನಡಲ್ಲಿಯೇ ಗಣಿತದ ಪುಸ್ತಕಂಗಳ ಬರದ. ಹಸುಗೆ ಹೇಳಿರೆ ಪಾಲು ಮಾಡುದು. ಭಾಗಾಕಾರ ಹೇಳ್ತದರಿಂದ ಎಷ್ಟು ಚೆಂದದ ಶಬ್ದ ಅಲ್ಲದಾ? ಅಬ್ಬೆ ಹೋಳಿಗೆಯ ಮಕ್ಕೊಗೆ ಹಂಚುದೂ ಹಸುಗೆಯೇ.

ಅದೇ ಶತಮಾನಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯರ 'ಲೀಲಾವತಿ'. ಇದರ ಕತೆ ನಿಂಗೊ ಎಲ್ಲ ಕೇಳಿಪ್ಪಿ. ಮಗಳ ಮದುವೆಯ ಮುಹೂರ್ತ ನೋಡ್ಲೆ ಮಡಗಿದ ನೀರಿನ ಗಳಿಗೆ ಬಟ್ಲಿಂಗೆ ಮೂಗುತಿಯದ್ದೋ ಸರದ್ದೋ ಮುತ್ತು ಬಿದ್ದು ತೂತು ಮುಚ್ಚಿ, ಮುಹೂರ್ತ ತಪ್ಪಿ, ಅಪ್ಪ ಮಗಳ ಸಮಾಧಾನಕ್ಕೆ ಅದರ ಹೆಸರಿಲಿ ಪುಸ್ತಕ ಬರದ್ದು ಹೇಳುವ ಕತೆ. ಈ ಕತೆ ಬಪ್ಪದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರ್ಸಿ ಅನುವಾದಲ್ಲಿ. ಭಾಸ್ಕರರ ಕಾಲಂದ ನಾನೂರಕ್ಕೂ ಹೆಚ್ಚು ವರ್ಷ ಕಳುದ ಮೇಗೆ. ಹಾಂಗಾಗಿ ಅದು ನೆಡದ್ದು ಹೇಳಿ ಹೇಳ್ಲೆಡಿಯ. ಆದರೆ ಪುಸ್ತಕದ ಒಳ ಸುಮಾರು ಲೆಕ್ಕಂಗಳ ಒಂದು ಕೂಸಿನ ಎದುರು ಕೂರುಸಿ ಕೇಳಿದ ಹಾಂಗೆ, ಪ್ರೀತಿಲಿ ದಿನಿಗೇಳಿ ಬರದ್ದದು ಸತ್ಯ. ಗಣಿತದ ಶಾಸ್ತ್ರವ ಕೂಸಿಂಗೆ ಹೇಳ್ಲಕ್ಕು ಹೇಳಿ ಅವರ ಮನಸ್ಸಿಂಗೆ ಬಂದದೇ ದೊಡ್ಡ ಸಂಗತಿ. ಅದಾಗಿ ಏಳುನೂರು ವರ್ಷಕ್ಕೆ ಬಳ್ಳಾರಿಲಿ ಅರುವತ್ತು ಕೂಸುಗೊ!

ಅಂಬಗ ಒಳುದ ಕೂಸುಗೊಕ್ಕೆ ಲೆಕ್ಕ ಗೊಂತಿತ್ತಿಲ್ಲೆಯೋ? ಇತ್ತು. ಅದು ಬೇರೆ ಜಾಗೆಲಿತ್ತು.

ಎನ್ನ ಅಜ್ಜಿ ಶಾಲೆಯ ಮೆಟ್ಲು ಹತ್ತಿದೋರಲ್ಲ. ಅವಕ್ಕೆ ಮುಡಿಯ ಲೆಕ್ಕ ಬೆರಳ ಕೊಡಿಲಿ ಇತ್ತು. ನಮ್ಮ ಊರಿಲಿ ಒಂದು ಮುಡಿ ಅಕ್ಕಿ ಹೇಳಿರೆ 42 ಸೇರು, 3 ಕಳಸಿಗೆ. ಒಂದು ಕಳಸಿಗೆ 14 ಸೇರು. ದಿನಕ್ಕೆ 6 ಸೇರು ಬೇಕಪ್ಪ ಮನಗೆ ಒಂದು ಮುಡಿ ಒಂದು ವಾರಕ್ಕೆ. 3 ಸೇರು ಸಾಕಪ್ಪ ಮನಗೆ ಎರಡು ವಾರಕ್ಕೆ. 2 ಸೇರಾದರೆ ಮೂರು ವಾರ. 42ರ 2, 3, 6, 7, 14 ಎಲ್ಲದರಿಂದಲೂ ಪಾಲು ಮಾಡ್ಲಾವ್ತು. 40 ಆಗಿದ್ದರೆ ವಾರದ ಲೆಕ್ಕಕ್ಕೆ ಸರಿ ಬತ್ತಿತಿಲ್ಲೆ. ಹಾಲಿನ ಲೆಕ್ಕಕ್ಕೆ ಗೋಡೆಲಿ ಮಸಿಯ ಗೆರೆ: ನಾಲ್ಕು ಉದ್ದ ಎಳದು, ಐದನೇದರ ಅಡ್ಡ ಎಳವದು. ಪಾಯಸಕ್ಕೆ 12 ಜೆನಕ್ಕೆ 3 ಸೇರು ಹಾಲಾದರೆ 20 ಜೆನಕ್ಕೆ 5 ಸೇರು ಹೇಳಿ ಒಲೆ ಬುಡಂದ ಏಳದ್ದೆ ಹೇಳುಗು. ಮಹಾವೀರರೂ ಭಾಸ್ಕರರೂ ಇದಕ್ಕೆ ತ್ರೈರಾಶಿಕ ಹೇಳಿ ಹೆಸರು ಮಡಗಿ ಅಧ್ಯಾಯವೇ ಬರದ್ದವು. ಅಜ್ಜಿಗೆ ಆ ಹೆಸರು ಗೊಂತಿತ್ತಿಲ್ಲೆ.

ಆಟಿ ತಿಂಗಳ ಮಳೆಲಿ ಚೆನ್ನೆಮಣೆ. 14 ಗುಳಿ, ಒಂದೊಂದರಲ್ಲಿ 4 ಕಾಯಿ, ಒಟ್ಟು 56. ಎನ್ನ ಗುಳಿಂದ ತೆಗದು ಬಿತ್ತಿಯೊಂಡು ಹೋದರೆ ಅಕೇರಿಯಾಣ ಕಾಯಿ ಎಲ್ಲಿ ಬೀಳುಗು, ಅದರಿಂದ ಮುಂದಾಣ ಗುಳಿ ಖಾಲಿ ಇದ್ದೋ ಹೇಳಿ ಕೈ ಹಾಕುವ ಮದಲೇ ಮನಸ್ಸಿಲಿ ಎಣುಸೆಕ್ಕು. ಆರು ವರ್ಷದ ಕೂಸು ಇದರ ಆಡಿಗೊಂಡೇ ಕೂಡುದೂ ಕಳವದೂ ಕಲ್ತು ಬಿಡ್ತು.

ಆದರೆ ಬಾಯಿಲೆಕ್ಕಕ್ಕೆ ಸಾಕ್ಷಿ ಇಲ್ಲೆ. ಎಂಗಳ ಮನಗೆ ಸಾಮಾನು ಕೊಟ್ಟೊಂಡಿದ್ದ ಒಂದು ಅಂಗುಡಿಲಿ ಒಂದು ವರ್ಷ ಬಾಕಿ ಲೆಕ್ಕ ಅಜ್ಜಿಯ ಲೆಕ್ಕಂದ ಹೆಚ್ಚು ಬಂತಡ. ಅಜ್ಜಿ ಗೋಡೆಯ ಗೆರೆ ತೋರುಸಿದವು, ತಿಂಗಳು ತಿಂಗಳಿನ ಸಾಮಾನು ಬಾಯಿಲಿ ಹೇಳಿದವು. "ಪುಸ್ತಕಲ್ಲಿ ಹೀಂಗೆ ಇದ್ದು" ಹೇಳಿ ಅಂಗುಡಿಯೋರು ಪುಸ್ತಕ ಬಿಡುಸಿ ಮಡಗಿದವು. ಓದ್ಲೆ ಬಾರದ್ದೋರ ಎದುರು ಬಿಡುಸಿ ಮಡಗಿದ ಪುಸ್ತಕ! ಅಕೇರಿಗೆ ಅವು ಹೇಳಿದಷ್ಟೇ ಕೊಟ್ಟದು. ಆ ವರ್ಷವೇ ಅಜ್ಜಿ ಹಟ ಹಿಡುದು ಎನ್ನ ಅಬ್ಬೆಯ ಶಾಲಗೆ ಸೇರ್ಸಿದವು. ಅಬ್ಬೆ ಐದನೇ ಕ್ಲಾಸಿನವರೆಗೆ ಓದಿದ್ದು. ಸಾಮಾನಿನ ಪುಸ್ತಕ ಮತ್ತೆ ಅಬ್ಬೆಯ ಕೈಲಿಯೇ ಇದ್ದದು, ಸಾವನ್ನಾರ.

ಹಾಂಗಾಗಿ ಶಾಲೆಯ ಆನು ಹಗುರ ಮಾಡಿ ಮಾತಾಡ್ತಿಲ್ಲೆ. ಬಾಸೆಲ್ ಮಿಶನಿನೋರು 1834ರಲ್ಲಿ ಮಂಗಳೂರಿಂಗೆ ಬಂದು ಶಾಲೆ ಮಾಡಿದವು, 1841ರಲ್ಲಿ ಅಚ್ಚುಕೂಟ ಸುರು ಮಾಡಿ ಕನ್ನಡಲ್ಲಿ ಶಾಲೆಯ ಪುಸ್ತಕಂಗಳ ಅಚ್ಚು ಮಾಡಿದವು. ಮತ್ತೆ ಸರಕಾರದ ಶಾಲೆಗೊ, ಊರೋರ ಶಾಲೆಗೊ ಬಂತು. ಜೆಗಿಲಿ ಇಲ್ಲದ್ದ ಮನೆಯ ಮಕ್ಕೊಗೂ, ಕೂಸುಗೊಕ್ಕೂ ಲೆಕ್ಕ ಬರವಲೆ ಬಂದದು ಆ ದಾರಿಲಿ.

ಆ ದಾರಿಲಿ ಕೆಲವು ಬಿದ್ದೂ ಹೋತು. ಹಿಂದಾಣೋರು ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಹೇಳಿ ಭಿನ್ನದ ಮಗ್ಗಿಯನ್ನೂ ಬಾಯಿಪಾಠ ಮಾಡಿಗೊಂಡಿತ್ತವು. ವೀಸ ಹೇಳಿರೆ ಹದಿನಾರರಲ್ಲಿ ಒಂದು, ಕಾಣಿ ಹೇಳಿರೆ ಅರುವತ್ತನಾಲ್ಕರಲ್ಲಿ ಒಂದು. ರೂಪಾಯಿಗೆ 16 ಆಣೆ ಇಪ್ಪಗ ಇದು ದಿನಾ ಬೇಕಪ್ಪದು: ಕಾಲು 4 ಆಣೆ, ಅರೆ 8, ಮುಕ್ಕಾಲು 12, ವೀಸ 1. ಸೇರಿನ ಕಾಲು ಪಾವು. ಎಲ್ಲವೂ ಅರ್ಧ ಮಾಡಿದ್ದರ ಪುನಾ ಅರ್ಧ ಮಾಡುವ ಲೆಕ್ಕ. 1957 ಏಪ್ರಿಲ್ 1ಕ್ಕೆ ರೂಪಾಯಿಗೆ 100 ನಯಾಪೈಸೆ ಆತು, 1958ರಿಂದ ಕಿಲೋ, ಲೀಟರು ಬಂತು. ಲೆಕ್ಕ ಬರವಲೆ ಸುಲಭ ಆತು, ಭಿನ್ನದ ಮಗ್ಗಿ ಆರಿಂಗೂ ಬೇಡ ಆತು. 25 ಪೈಸೆಗೆ ನಾಲ್ಕಾಣೆ ಹೇಳುದು ಮಾತ್ರ ಒಳುದತ್ತು. 2011ರಲ್ಲಿ ಆ ಪಾವಲಿಯೂ ಹೋತು. ಈಗ ಐದನೇ ಕ್ಲಾಸಿನ ಮಕ್ಕೊಗೆ ಮುಕ್ಕಾಲರ ಅರ್ಧ ಎಷ್ಟು ಹೇಳಿ ಕೇಳಿರೆ ಪೆನ್ಸಿಲು ಹುಡ್ಕುತ್ತವು. ಹಳೇ ಕ್ರಮವೇ ಮೇಲು ಹೇಳಿ ಇದರ ಅರ್ಥ ಅಲ್ಲ. ಮೂರು ಪಾವಿನ ಕಣ್ಣಾರೆ ಕಂಡು, ಎರಡು ಪಾಲು ಮಾಡಿದೋರಿಂಗೆ ಭಿನ್ನದ ಹೆದರಿಕೆ ಇತ್ತಿಲ್ಲೆ ಹೇಳಿ ಅಷ್ಟೆ.

ಶಾಲೆ ಇಲ್ಲದ್ದೆ ಲೆಕ್ಕ ಬಪ್ಪಲೇ ಬಪ್ಪದಾ ಹೇಳಿ ಕೇಳ್ತೋರಿಂಗೆ ಆನು ಶಕುಂತಲಾ ದೇವಿಯ ಹೆಸರು ಹೇಳುದು. 1929ರಲ್ಲಿ ಬೆಂಗಳೂರಿಲಿ ಹುಟ್ಟಿದೋರು. ಅಪ್ಪ ಸರ್ಕಸ್ಸಿಲಿ ಇದ್ದೋರು. ಮೂರು ವರ್ಷದ ಮಗಳಿಂಗೆ ಇಸ್ಪೇಟಿನ ಆಟ ಹೇಳಿಕೊಡುವಗ ಅದರ ನೆಂಪಿನ ಶಕ್ತಿ ಅಪ್ಪಂಗೆ ಗೊಂತಾತು. ಕ್ರಮಲ್ಲಿ ಶಾಲಗೆ ಹೋಗಿ ಓದಿದೋರಲ್ಲ. 1980 ಜೂನ್ 18ಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿಲಿ 13 ಅಂಕೆಯ ಎರಡು ಸಂಖ್ಯೆಯ ಮನಸ್ಸಿಲಿಯೇ ಗುಣುಸಿ 28 ಸೆಕೆಂಡಿಲಿ ಉತ್ತರ ಹೇಳಿದವು. ಎಲ್ಲ ಮಕ್ಕಳೂ ಹಾಂಗಪ್ಪಲೆ ಇಲ್ಲೆ, ಆಯೆಕ್ಕು ಹೇಳಿಯೂ ಇಲ್ಲೆ. ಮಗುವಿನ ಒಟ್ಟಿಂಗೆ ಆಡುವ ದೊಡ್ಡೋರೊಬ್ಬರು ಅದರ ಮನಸ್ಸಿನ ಗಮನುಸಿದವು ಹೇಳುದರ ನಾವು ತೆಕ್ಕೊಳೆಕ್ಕಾದ್ದು.

ಮನೆಲಿ ಲೆಕ್ಕ ಹೇಳಿಕೊಡ್ತ ಅಬ್ಬೆಕ್ಕೊಗೆ ಈ ಚರಿತ್ರೆಂದ ಎಂತ ಸಿಕ್ಕುತ್ತು? ಹೊಯಿಗೆಯ ಹಾಂಗಿಪ್ಪ, ಬರದು ಉದ್ದುಲಪ್ಪ ಒಂದು ಜಾಗೆ ಕೊಡಿ. ತಪ್ಪಿದ್ದು ಉಳಿಯದ್ದರೆ ಮಗುವಿಂಗೆ ಹೆದರಿಕೆ ಇಲ್ಲೆ. ದೊಡ್ಡ ಮಗುವಿನ ಕೈಲಿ ಸಣ್ಣದಕ್ಕೆ ಹೇಳುಸಿ. ಹೇಳಿಕೊಡುವಗ ಹೇಳುವೋರಿಂಗೇ ಹೆಚ್ಚು ಗಟ್ಟಿ ಆವ್ತು. ಮಗ್ಗಿ ಬೇಕು, ಆದರೆ ಅರ್ಥ ಗೊಂತಾಗದ್ದ ಬಾಯಿಪಾಠದ ಕುಂದು ಎಂತ ಹೇಳಿ ಕ್ಯಾಂಪ್‌ಬೆಲ್ ಅಂದೇ ಬರದ್ದವು. ಏಳೆಂಟ್ಲ ಐವತ್ತಾರು ಹೇಳುದು ನೆಂಪೊಳಿಯದ್ದರೆ ಚೆನ್ನೆಮಣೆ ಮಡಗಿ ತೋರುಸಿ: ಒಂದು ಕಡೆ ಏಳು ಗುಳಿ ನಾಲ್ಕು ನಾಲ್ಕು, 28. ಇನ್ನೊಂದು ಕಡೆಯೂ 28. ಎರಡೂ ಸೇರಿ ಒಂದು ಕಡೆಯ ಏಳು ಗುಳಿಲಿ ಎಂಟೆಂಟು ಹಾಕಿರೆ 56. ಮತ್ತೆ ಮರವಲಿಲ್ಲೆ. ದೋಸಗೆ ಒಂದು ಪಾಲು ಉದ್ದಿಂಗೆ ನಾಲ್ಕು ಪಾಲು ಅಕ್ಕಿ ಆದರೆ, ಒಂದೂವರೆ ಪಾಲು ಉದ್ದಿಂಗೆ ಎಷ್ಟು ಹೇಳಿ ನಾಳಂಗೆ ಬೊದುಲುಲೆ ಹಾಕುವಗ ಕೇಳಿ.

ಪರೀಕ್ಷೆಯ ಚಿಂತೆ ಇಪ್ಪೋರಿಂಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಲಿ 3, 5, 8ನೇ ಕ್ಲಾಸಿಂಗೆ ಸಮ ಅಪ್ಪ ಹಂತಂಗೊ ಇದ್ದು, ಮತ್ತೆ 10, 12ರ ಪರೀಕ್ಷೆಯೂ ಇದ್ದು. ಎಲ್ಲೋರಿಂದಲೂ ಮನೆಲಿ ಕಲಿಶುಲೆ ಎಡಿಯ. ದಿನ ಇಡೀ ಕೆಲಸಕ್ಕೆ ಹೋಪ ಅಬ್ಬೆಗೆ ಶಾಲೆಯೇ ಆಧಾರ. ಶಾಲಗೆ ಹೋಪ ಮಕ್ಕೊಗೂ ಅಟ್ಟುಂಬೊಳದ ಲೆಕ್ಕ ಸಾಲುಗು, ಅರ್ಧ ಗಂಟೆ ಸಾಕು.

ಇನ್ನೊಂದು ಕೆಲಸ ಬಾಕಿ ಇದ್ದು. ಇನ್ನೂರು ವರ್ಷ ಹಿಂದೆ ನಮ್ಮ ಜಿಲ್ಲೆಯ ಲೆಕ್ಕ ಆರೂ ಬರದ್ದವಿಲ್ಲೆ; ಮನ್ರೋನ ಪಟ್ಟಿಲಿ ನಮ್ಮ ಜಾಗೆ ಖಾಲಿ ಬಿಟ್ಟಿದು. ಮನೆಮನೆಲಿ ಕಲ್ತದು ಮನೆಮನೆಯೋರೇ ಬರೆಯದ್ದರೆ ಅದು ಹಾಂಗೇ ಖಾಲಿ ಒಳಿಗು. ನಿಂಗಳ ಮನೆಲಿ ಎಂಬತ್ತು ದಾಂಟಿದ ಅಜ್ಜಿಯಕ್ಕೊ, ದೊಡ್ಡಬ್ಬೆಕ್ಕೊ ಇದ್ದರೆ ಕೇಳಿ: ಕುಡ್ತೆಲಿ ಎಷ್ಟು, ಕಳಸಿಗೆಲಿ ಎಷ್ಟು, ಅಡಕ್ಕೆ ಹೇಂಗೆ ಎಣುಸಿಯೊಂಡಿತ್ತವು, ಕಾಲರ ಮಗ್ಗಿ ಹೇಂಗೆ ಹೇಳುದು, ಆರು ಹೇಳಿಕೊಟ್ಟದು. ಕೇಳಿದ್ದರ ಒಂದು ಪುಸ್ತಕಲ್ಲಿ ಬರದು ಮಡಗಿ, ತಾರೀಕು ಹಾಕಿ. ಮನೆಯ ಕೂಸುಗಳ ಕೈಲಿಯೇ ಬರೆಶಿದರೆ ಇನ್ನೂ ಒಳ್ಳೆದು.